ನಿಮ್ಮ ಸಾಕ್ಷಿಯಿಂದ ಸಭೆಯ ಹಾಡಿಗೆ: ಆರಾಧನಾ ಗೀತೆ ಬರೆಯುವ ಬಗೆ

ನಾನು ಬರೆದ ಮೊದಲ ಆರಾಧನಾ ಗೀತೆಯಲ್ಲಿ ಒಂದು ಊಟದ ಡಬ್ಬಿ ಇತ್ತು.

ಕೆಲಸ ಹೋಗಿತ್ತು. ಮನೆಯಲ್ಲಿ ಹೇಳುವ ಧೈರ್ಯ ಇರಲಿಲ್ಲ. ದಿನಾ ಬೆಳಗ್ಗೆ ಇಸ್ತ್ರಿ ಶರ್ಟ್ ಹಾಕಿಕೊಂಡು, ಡಬ್ಬಿ ಹಿಡಿದು ಹೊರಡುತ್ತಿದ್ದೆ. ಸಂಜೆವರೆಗೂ ಪಾರ್ಕಿನ ಬೆಂಚಿನ ಮೇಲೆ ಕೂತಿದ್ದು ವಾಪಸ್ ಬರುತ್ತಿದ್ದೆ. ಹನ್ನೊಂದು ದಿನ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಪ್ರಾರ್ಥನೆ ಮಾಡೋಣ ಅಂತ ಕಣ್ಣು ಮುಚ್ಚಿದರೆ ಮಾತೇ ಹೊರಡಲಿಲ್ಲ. ಸುಮ್ನೆ ಕೂತೆ. ಆದರೂ ದೇವರಿಗೆ ಎಲ್ಲ ಕೇಳಿಸಿತು ಅನ್ನಿಸಿತು. ಅದನ್ನೇ ಹಾಡು ಮಾಡಿದೆ: ‘ಬೆಂಚಿನ ಮೇಲೆ ಡಬ್ಬಿಯ ಹಿಡಿದು...’

ಭಾನುವಾರ ಸಭೆಯಲ್ಲಿ ಹಾಡಿಸಿದಾಗ ಎಲ್ಲರೂ ಮೊದಲ ಸಾಲಿಗೇ ಬಾಯಿ ಮುಚ್ಚಿಕೊಂಡರು. ತಪ್ಪು ಅವರದಲ್ಲ. ಎಪ್ಪತ್ತು ವರ್ಷದ ಅಜ್ಜಿಯೊಬ್ಬರು ನನ್ನ ಡಬ್ಬಿಯನ್ನು ಹಿಡಿದುಕೊಂಡು ದೇವರ ಮುಂದೆ ಯಾಕೆ ನಿಲ್ಲಬೇಕು? ನಾನು ಬರೆದದ್ದು ಸಾಕ್ಷಿ, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು ಹೇಳುವ ಕಥೆ. ಸಾಕ್ಷಿಯನ್ನು ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು. ಆರಾಧನಾ ಗೀತೆಯನ್ನು ಎಲ್ಲರೂ ಹಾಡಬೇಕು. ಒಂದರಿಂದ ಇನ್ನೊಂದಕ್ಕೆ ಹೋಗುವ ದಾರಿ ನನಗೆ ನಿಧಾನವಾಗಿ ಗೊತ್ತಾಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಹಂತ 1: ಮೊದಲು ಹಾಡು ಬರೆಯಬೇಡಿ

ಒಂದು ಹಾಳೆ ತೆಗೆದುಕೊಳ್ಳಿ. ನಿಮ್ಮ ಅನುಭವವನ್ನು ಗದ್ಯದಲ್ಲಿ, ಮನೆಮಾತಿನಲ್ಲಿ ಬರೆಯಿರಿ. ಎಲ್ಲಿದ್ದಿರಿ, ಎಷ್ಟು ಹೊತ್ತಾಗಿತ್ತು, ಕೈಯಲ್ಲಿ ಏನಿತ್ತು, ದೇವರಿಗೆ ಏನು ಹೇಳಿದಿರಿ, ಏನು ಹೇಳಲು ಹೆದರಿದಿರಿ. ಒಂದೇ ಒಂದು ನಿಯಮ: ಈ ಹಾಳೆಯಲ್ಲಿ ಕೃಪೆ, ಮಹಿಮೆ, ಆಶೀರ್ವಾದ, ಹಲ್ಲೆಲೂಯ ಅನ್ನುವ ಪದಗಳು ಬರಬಾರದು. ಅವು ಒಳ್ಳೆಯ ಪದಗಳೇ. ಆದರೆ ಅವು ಬಾಯಿಪಾಠ ಆಗಿಬಿಟ್ಟಿವೆ. ಯೋಚನೆ ನಿಂತ ಕಡೆ ತಾವಾಗಿ ಬಂದು ಕೂತುಬಿಡುತ್ತವೆ.

ಬರೆದ ಮೇಲೆ ಎರಡು ದಿನ ಬಿಡಿ. ಆಮೇಲೆ ಓದಿ, ಯಾವ ವಾಕ್ಯದ ಹತ್ತಿರ ಗಂಟಲು ಬಿಗಿಯುತ್ತದೋ ಅದರ ಕೆಳಗೆ ಗೆರೆ ಎಳೆಯಿರಿ. ಒಂದೇ ವಾಕ್ಯ ಸಾಕು. ನನ್ನ ಹಾಳೆಯಲ್ಲಿ ಸಿಕ್ಕಿದ್ದು: ‘ನಾನೇನೂ ಹೇಳಲಿಲ್ಲ, ಆದರೂ ಆತನಿಗೆ ಕೇಳಿಸಿತ್ತು.’

ಅನುಭವ ಸುಖಾಂತ್ಯ ಆಗಿರಲೇಬೇಕು ಅಂತೇನಿಲ್ಲ. ಬೈಬಲ್‌ನ 13ನೆಯ ಕೀರ್ತನೆ ‘ಎಷ್ಟರವರೆಗೆ ನನ್ನನ್ನು ಮರೆತಿರುತ್ತೀ’ ಅನ್ನುವ ದೂರಿನಿಂದಲೇ ಶುರುವಾಗುತ್ತದೆ. ಆರೇ ವಚನಗಳಲ್ಲಿ ಅದು ಹಾಡಿ ಸ್ತುತಿಸುವುದಕ್ಕೆ ಬಂದು ನಿಲ್ಲುತ್ತದೆ. 88ನೆಯ ಕೀರ್ತನೆಗೆ ಆ ತಿರುವೂ ಇಲ್ಲ, ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಬೈಬಲ್‌ನಿಂದ ಯಾರೂ ತೆಗೆದುಹಾಕಲಿಲ್ಲ, ಅಲ್ವಾ? ನಿಮ್ಮ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲದಿದ್ದರೆ ಹಾಡಿನಲ್ಲಿ ಸುಳ್ಳು ಉತ್ತರ ತುರುಕಬೇಡಿ.

ನಿಮ್ಮ ಕಥೆಯಲ್ಲಿ ಬೇರೆಯವರ ಕಾಯಿಲೆಯೋ ಜಗಳವೋ ಇದ್ದರೆ ಮೊದಲು ಅವರ ಒಪ್ಪಿಗೆ ಕೇಳಿ. ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ.

ಹಂತ 2: ಕಥೆಯನ್ನು ಹಾಡಿನಿಂದ ಹೊರಗಿಡಿ

ಇಲ್ಲಿಯೇ ಹೆಚ್ಚು ಜನ ಎಡವುವುದು. ನಾನೂ ಎಡವಿದ್ದು ಇಲ್ಲೇ.

51ನೆಯ ಕೀರ್ತನೆ ತೆರೆದು ನೋಡಿ. ಮೇಲಿನ ಶಿರೋಲೇಖದಲ್ಲಿ ರಾಜ ದಾವೀದ, ಅವನು ಮಾಳಿಗೆಯಿಂದ ನೋಡಿ ಕರೆಸಿಕೊಂಡ ಪರರ ಹೆಂಡತಿ ಬತ್ಷೆಬೆ, ಆ ಪಾಪವನ್ನು ಎತ್ತಿ ತೋರಿಸಿದ ಪ್ರವಾದಿ ನಾತಾನ, ಎಲ್ಲರ ಹೆಸರೂ ಇದೆ. ಕೆಳಗೆ ಕೀರ್ತನೆಯೊಳಗೆ ಹೋದರೆ ಅವರಲ್ಲಿ ಒಬ್ಬರ ಹೆಸರೂ ಇಲ್ಲ. ಅರಮನೆ ಇಲ್ಲ, ಮಾಳಿಗೆ ಇಲ್ಲ. ‘ನನ್ನನ್ನು ತೊಳೆ, ಶುದ್ಧ ಹೃದಯ ಕೊಡು’ ಅನ್ನುವ ಬೇಡಿಕೆ ಮಾತ್ರ ಇದೆ. ಅದಕ್ಕೇ ದಾವೀದನ ಪಾಪ ಮಾಡದವರೂ ತಮ್ಮ ಪಾಪಕ್ಕೆ ಅದನ್ನೇ ಹೇಳಿಕೊಳ್ಳುತ್ತಾರೆ.

ಇನ್ನೊಂದು ಉದಾಹರಣೆ, ‘ಅಮೇಜಿಂಗ್ ಗ್ರೇಸ್’ ಅನ್ನುವ ಇಂಗ್ಲಿಷ್ ಹಾಡು ಬರೆದ ಜಾನ್ ನ್ಯೂಟನ್. 1748ರಲ್ಲಿ ಆತ ಇದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ಆತ ದೇವರನ್ನು ಕೂಗಿದ. ಮುಂದೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿಯೂ ದುಡಿದ. ಸಭಾಪಾಲಕನಾದದ್ದು ಬಹಳ ವರ್ಷಗಳ ನಂತರ. ಆತ 1773ರ ಹೊಸವರ್ಷದ ಆರಾಧನೆಗೆಂದು ಸಿದ್ಧ ಮಾಡಿದ ‘ಅಮೇಜಿಂಗ್ ಗ್ರೇಸ್’ ಹಾಡಿನಲ್ಲಿ ಹಡಗು ಇಲ್ಲ, ಸಮುದ್ರ ಇಲ್ಲ, ಬಿರುಗಾಳಿಯೂ ಇಲ್ಲ. ಕಳೆದುಹೋಗಿದ್ದವನು ಸಿಕ್ಕಿದ, ಕುರುಡನಿಗೆ ಕಣ್ಣು ಬಂತು, ಅಷ್ಟೇ. ಸಮುದ್ರವನ್ನೇ ನೋಡದವರೂ ಅದನ್ನು ಹಾಡುತ್ತಾರೆ.

ಹಾಗಾಗಿ ನಿಮ್ಮ ಕಥೆಗೂ ಒಂದು ಶಿರೋಲೇಖ ಬರೆಯಿರಿ. ಎರಡು ಮೂರು ವಾಕ್ಯ ಸಾಕು. ಹಾಡುವ ಮೊದಲು ಬೇಕಾದರೆ ಅದನ್ನು ಹೇಳಿ. ಹಾಡಿನೊಳಗೆ ಬರಬೇಕಾದದ್ದು, ಆ ಕಥೆಯಲ್ಲಿ ನೀವು ದೇವರಿಗೆ ಹೇಳಿದ ಮಾತು.

ಹಾಗಂತ ಎಲ್ಲವನ್ನೂ ಉಜ್ಜಿ ನುಣ್ಣಗೆ ಮಾಡಬೇಡಿ. ‘ಡಬ್ಬಿ’ ತೆಗೆದು ‘ಕಷ್ಟಗಳು’ ಅಂತ ಹಾಕಿದರೆ ಹಾಡು ಸಪ್ಪೆ. ಡಬ್ಬಿ ಹಿಡಿದ ಕೈಯಲ್ಲಿ ನಿಜಕ್ಕೂ ಏನಿತ್ತು? ದೇವರಿಗೆ ಕೊಡುವುದಕ್ಕೆ ಏನೂ ಇರಲಿಲ್ಲ. ಆ ದಾರಿಯಲ್ಲಿ ಯೋಚಿಸಿದಾಗ ‘ಬರಿಗೈ’ ಸಿಕ್ಕಿತು. ಡಬ್ಬಿ ನನ್ನೊಬ್ಬನದು, ಬರಿಗೈ ಯಾರದ್ದೂ ಆಗಬಹುದು. ಆದರೂ ಅದು ಕಣ್ಣಿಗೆ ಕಾಣುವ ಕೈಯೇ. ಹೀಗೆ ಎಲ್ಲರ ಮೈಗೂ ಗೊತ್ತಿರುವ ಪದ ಹುಡುಕಿ: ಕಣ್ಣೀರು, ದಾರಿ, ಬಾಗಿಲು, ನಿದ್ದೆ ಬಾರದ ರಾತ್ರಿ.

ಸಾಲು ಬರೆದಾಗಲೆಲ್ಲ ಮೂರು ಜನರ ಬಾಯಲ್ಲಿ ಅದನ್ನು ಇಟ್ಟು ನೋಡಿ. ಮೊನ್ನೆ ತಾನೇ ಮದುವೆಯಾದ ಹುಡುಗಿ, ಆಸ್ಪತ್ರೆಯಿಂದ ನೇರ ಬಂದ ತಂದೆ, ಹತ್ತು ವರ್ಷದ ಮಗು. ಮೂವರೂ ಸುಳ್ಳು ಹೇಳದೆ ಹಾಡಬಲ್ಲರೆ ಸಾಲು ಉಳಿಯಲಿ.

ಹಂತ 3: ದೇವರ ವಾಕ್ಯದ ಹತ್ತಿರ ಹೋಗಿ

ಗೆರೆ ಎಳೆದ ವಾಕ್ಯಕ್ಕೆ ಬೈಬಲ್‌ನಲ್ಲಿ ಜೊತೆ ಹುಡುಕಿ. ನನಗೆ ಸಿಕ್ಕಿದ್ದು ಯೆಶಾಯ 65:24. ಅವರು ಕರೆಯುವ ಮುಂಚೆಯೇ ಉತ್ತರ ಕೊಡುತ್ತೇನೆ ಅನ್ನುವ ಮಾತು ಅಲ್ಲಿದೆ. ನನ್ನ ಬೆಂಚಿನ ಅನುಭವಕ್ಕೆ ಇದು ಬೆನ್ನೆಲುಬಾಯಿತು. ಇಲ್ಲದಿದ್ದರೆ ಅದು ನನ್ನ ಆ ಮಧ್ಯಾಹ್ನದ ಭಾವನೆ ಮಾತ್ರ ಆಗಿರುತ್ತಿತ್ತು.

ವಚನವನ್ನು ಹಾಗೇ ಎತ್ತಿ ಹಾಡಿಗೆ ಅಂಟಿಸಬೇಕಿಲ್ಲ. ಲೂಕ 1ರಲ್ಲಿ ಯೇಸುವಿನ ತಾಯಿ ಮರಿಯಳ ಹಾಡಿದೆ. ಅದಕ್ಕಿಂತ ಬಹಳ ಹಳೆಯ 1 ಸಮುವೇಲ 2ರಲ್ಲಿ ಹನ್ನಳ ಪ್ರಾರ್ಥನೆ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಹಸಿದವರು ತುಂಬಿದ್ದು, ಬಲಿಷ್ಠರು ಕೆಳಗಿಳಿದದ್ದು, ದೀನರು ಮೇಲೆದ್ದದ್ದು ಎರಡರಲ್ಲೂ ಇದೆ. ಆದರೆ ಮರಿಯಳು ಹನ್ನಳನ್ನು ನಕಲು ಮಾಡಿಲ್ಲ. ಹಳೆಯ ಮಾತು ಅವಳೊಳಗೆ ಇಳಿದು ಅವಳದೇ ಆಗಿ ಬಂದಿದೆ. ವಚನವನ್ನು ಒಂದು ವಾರ ದಿನಾ ಓದಿ, ಬೈಬಲ್ ಮುಚ್ಚಿಟ್ಟು ಬರೆಯಿರಿ. ಹೀಗೆ ಮಾಡಿದರೆ ಭಾಷಾಂತರದ ಬಿಗಿಯಾದ ವಾಕ್ಯಗಳೂ ಹಾಡಿಗೆ ಬರುವುದಿಲ್ಲ.

ಹಂತ 4: ಯಾರು ಯಾರಿಗೆ ಹಾಡುತ್ತಿದ್ದಾರೆ?

ದೇವರಿಗೆ ‘ನೀನು’ ಅಂತ ಹೇಳುತ್ತಿದ್ದೀರಾ, ದೇವರ ಬಗ್ಗೆ ‘ಆತನು’ ಅಂತ ಹೇಳುತ್ತಿದ್ದೀರಾ? ಎರಡೂ ಸರಿ. ಗೊತ್ತಿಲ್ಲದೆ ಬೆರೆಸುವುದು ಸರಿಯಲ್ಲ. 23ನೆಯ ಕೀರ್ತನೆ ಬೆರೆಸುತ್ತದೆ, ಆದರೆ ಜಾಗ ನೋಡಿ ಬೆರೆಸುತ್ತದೆ. ಹಸಿರು ಹುಲ್ಲುಗಾವಲಿನಲ್ಲಿ ಇರುವಷ್ಟು ಹೊತ್ತು ‘ಆತನು’. ನಾಲ್ಕನೆಯ ವಚನದಲ್ಲಿ ಕತ್ತಲೆಯ ಕಣಿವೆ ಬಂದ ಕೂಡಲೇ ‘ನೀನು ನನ್ನ ಸಂಗಡ ಇದ್ದೀ’. ಭಯ ಬಂದಾಗ ಮಗು ಅಪ್ಪನ ಬಗ್ಗೆ ಮಾತಾಡುವುದಿಲ್ಲ, ಅಪ್ಪನನ್ನೇ ಕರೆಯುತ್ತದೆ. ಈ ತಿರುವನ್ನು ನಿಮ್ಮ ಚರಣದಲ್ಲೂ ಬಳಸಬಹುದು.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ‘ನೀನು ಬಾ’ ಅಂತ ಶುರುಮಾಡಿ ಮೂರನೆಯ ಸಾಲಿನಲ್ಲಿ ಪ್ರಾಸ ಸಿಗಲಿಲ್ಲ ಅಂತ ‘ಬನ್ನಿರಿ’ ಮಾಡುವವರಿದ್ದಾರೆ. ಕಿವಿಗೆ ಕೂಡಲೇ ಚುಚ್ಚುತ್ತದೆ.

ದೇವರ ಹೆಸರನ್ನೂ ಯೋಚಿಸಿ ಆರಿಸಿ. ಯೆಹೋವ, ಕರ್ತ, ಪ್ರಭು, ಸ್ವಾಮಿ, ತಂದೆ, ಒಂದೊಂದಕ್ಕೂ ಒಂದೊಂದು ಸಭೆಯ ರೂಢಿ ಇದೆ. ಕಥೋಲಿಕ ಸಭೆಯೂ ಹಾಡಲಿ ಅನ್ನುವ ಆಸೆ ಇದ್ದರೆ ಒಂದು ವಿಷಯ ತಿಳಿದಿರಲಿ: ‘ಯೆಹೋವ’ ಅನ್ನುವ ಹೆಸರಿಗೆ ಮೂಲವಾದ ಹೀಬ್ರೂವಿನ ನಾಲ್ಕಕ್ಷರದ ದೇವನಾಮವನ್ನು ಆರಾಧನೆಯ ಹಾಡು, ಪ್ರಾರ್ಥನೆಗಳಲ್ಲಿ ಉಚ್ಚರಿಸಬಾರದು ಅಂತ ವ್ಯಾಟಿಕನ್ 2008ರಲ್ಲಿ ಸೂಚನೆ ಕೊಟ್ಟಿದೆ. ‘ಕರ್ತ’, ‘ಪ್ರಭು’ ಅಂದರೆ ತೊಂದರೆ ಇಲ್ಲ.

ಹಂತ 5: ಪಲ್ಲವಿ ಕಟ್ಟುವುದು

ಗೆರೆ ಎಳೆದ ವಾಕ್ಯವೇ ಪಲ್ಲವಿಯ ಬೀಜ. ಮೊದಲು ಪಲ್ಲವಿ, ಆಮೇಲೆ ಚರಣ. ಹಿಂದುಮುಂದು ಮಾಡಿದರೆ ಮೂರು ಚೆಂದದ ಚರಣ ಬರೆದು, ಅವನ್ನು ಕಟ್ಟಿಹಾಕುವುದಕ್ಕೆ ಸಾಲು ಹುಡುಕುತ್ತಾ ಕೂರಬೇಕಾಗುತ್ತದೆ.

ನನ್ನ ಪಲ್ಲವಿ ಕೊನೆಗೆ ಹೀಗಾಯಿತು:

ಹೇಳಲು ಬಾರದ ನೋವನು ನೀನು
ಕೇಳದೆ ಹೋಗುವ ದೇವನೆ ಅಲ್ಲ

ಇದನ್ನು ಬಿಚ್ಚಿ ನೋಡೋಣ. ಹ್ರಸ್ವ ಅಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಶಾಲೆಯಲ್ಲಿ ಲಘು-ಗುರು ಹಾಕಿದ್ದು ನೆನಪಿದೆಯಾ? ಅದೇ. ‘ಹೇಳಲು’ ನಾಲ್ಕು, ‘ಬಾರದ’ ನಾಲ್ಕು, ‘ನೋವನು’ ನಾಲ್ಕು, ‘ನೀನು’ ಮೂರು. ಎರಡನೆಯ ಸಾಲು: ‘ಕೇಳದೆ’ ನಾಲ್ಕು, ‘ಹೋಗುವ’ ನಾಲ್ಕು, ‘ದೇವನೆ’ ನಾಲ್ಕು, ‘ಅಲ್ಲ’ ಮೂರು. ಕೊನೆಗೆ ನಾಲ್ಕಕ್ಕೆ ಕಡಿಮೆ ಬಿದ್ದ ಆ ಒಂದು ಮಾತ್ರೆಯ ಜಾಗದಲ್ಲಿ ಸಭೆ ಉಸಿರು ತೆಗೆದುಕೊಳ್ಳುತ್ತದೆ. ಎಣಿಕೆ ಎರಡೂ ಸಾಲಿಗೆ ಒಂದೇ ಆಗಿರುವುದರಿಂದ ಒಂದು ಸಾಲಿನ ರಾಗ ಕಲಿತವರಿಗೆ ಇನ್ನೊಂದು ಸಾಲು ಪುಕ್ಕಟೆ. ಮೊದಲು ‘ದೇವರಲ್ಲ’ ಅಂತ ಬರೆದಿದ್ದೆ. ಒಂದು ಮಾತ್ರೆ ಕಡಿಮೆ ಬಿದ್ದು ತಾಳ ಕುಂಟುತ್ತಿತ್ತು.

‘ಹೇಳಲು’, ‘ಕೇಳದೆ’: ಎರಡರಲ್ಲೂ ಎರಡನೆಯ ಅಕ್ಷರ ಳಕಾರ. ಇದು ನಮ್ಮ ಹಳೆಯ ಆದಿಪ್ರಾಸ. ಸಾಲಿನ ಕೊನೆಯಲ್ಲಿ ಪ್ರಾಸ ಸಿಗದಿದ್ದರೆ ಅಳಬೇಡಿ, ಮುಂದೆ ಹಿಡಿಯಿರಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಅಂತ್ಯಪ್ರಾಸ ಬಲು ಸುಲಭ. ‘ನಡೆಸಿದೆ, ಉಳಿಸಿದೆ, ಬೆಳೆಸಿದೆ, ಹರಸಿದೆ’ ಅಂತ ಇಡೀ ಹಾಡು ಓಡಿಸಬಹುದು. ಅದಕ್ಕೇ ಅಂಥ ಹಾಡುಗಳು ಒಂದಕ್ಕೊಂದು ಹೋಲುತ್ತವೆ. ನನ್ನ ಮಾತು ಕೇಳಿ, ‘-ಸಿದೆ’ಯನ್ನು ಒಂದು ಹಾಡಿಗೆ ಎರಡು ಸಲಕ್ಕಿಂತ ಜಾಸ್ತಿ ಬಳಸಬೇಡಿ. ನಿಘಂಟಿನಿಂದ ನಮಗೆಲ್ಲ ಪರಿಚಯವಾದ ಕಿಟ್ಟೆಲ್ ಕ್ರಿಸ್ತನ ಕಥೆಯನ್ನು ನಮ್ಮ ಛಂದಸ್ಸಿಗೇ ಒಗ್ಗಿಸಿ ಪದ್ಯ ಮಾಡಿದ್ದರು. ಜರ್ಮನಿಯಿಂದ ಬಂದವರು ಪಟ್ಟ ಆ ಕಷ್ಟವನ್ನು ನಾವು ಸ್ವಲ್ಪವಾದರೂ ಪಡಬಾರದೇ?

ಚರಣಕ್ಕೂ ಅದೇ ಅಳತೆ ಹಿಡಿದೆ:

ಬರಿಗೈ ಚಾಚುತ ಕುಳಿತಿರೆ ತಂದೆ
ಕರೆಯುವ ಮುನ್ನವೆ ಬಳಿಗೇ ಬಂದೆ

ಎರಡನೆಯ ಸಾಲು ಮೊದಲು ‘ಕೇಳುತ ನಿಂದೆ’ ಅಂತ ಮುಗಿಯುತ್ತಿತ್ತು. ನಿಂತೆ ಅನ್ನುವುದಕ್ಕೆ ಹಳೆಯ ರೂಪ ಅಂತ ನಾನು ಬೀಗಿದ್ದೆ. ಓದಿದ ಹೆಂಡತಿ, ‘ದೇವರು ಯಾರ ನಿಂದೆ ಕೇಳ್ತಾ ಇದ್ದಾರೆ?’ ಅಂದಳು. ಹಳೆಗನ್ನಡದ ಮೋಹ ಅಲ್ಲಿಗೆ ಬಿಟ್ಟಿತು.

ಒಂದು ಚರಣಕ್ಕೆ ಒಂದೇ ವಿಚಾರ. ಮೂರು ಚರಣ ಇದ್ದರೆ ಮೂರನೆಯದು ಮೊದಲಿನ ಜಾಗದಲ್ಲೇ ನಿಂತಿರಬಾರದು. ನನ್ನ ಹಾಡಿನಲ್ಲಿ ಮೊದಲ ಚರಣ ಬರಿಗೈ, ಎರಡನೆಯದು ಶಿಲುಬೆಯ ಮೇಲೆ ಯೇಸುವಿನ ಚಾಚಿದ ಕೈ, ಮೂರನೆಯದು ಪಕ್ಕದವರ ಕಡೆ ನಾವು ಚಾಚುವ ಕೈ. ಬ್ರಿಡ್ಜ್ (ಚರಣಗಳ ನಡುವೆ ಬರುವ ಬೇರೆ ರಾಗದ ತುಣುಕು) ಬೇಕೇ ಬೇಕು ಅಂತೇನಿಲ್ಲ. ಹೇಳುವುದಕ್ಕೆ ಹೊಸದೇನೂ ಇಲ್ಲದಿದ್ದರೆ ಬಿಡಿ.

ಒಂದೇ ಸಾಲನ್ನು ಮತ್ತೆ ಮತ್ತೆ ಹಾಡುವುದು ಸೋಮಾರಿತನ ಅನ್ನುವವರಿಗೆ 136ನೆಯ ಕೀರ್ತನೆ ತೋರಿಸಿ. ಅದರ 26 ವಚನಗಳೂ ಆತನ ಕೃಪೆ ಶಾಶ್ವತ ಅನ್ನುವ ಒಂದೇ ಮಾತಿಗೆ ಬಂದು ಮುಗಿಯುತ್ತವೆ. ಆದರೆ ಆ ಮಾತಿನ ಹಿಂದಿನ ಸಾಲು ಪ್ರತಿ ಸಲ ಮುಂದೆ ಸಾಗುತ್ತದೆ. ಸೃಷ್ಟಿ, ಐಗುಪ್ತ (ಈಜಿಪ್ಟ್), ಕೆಂಪು ಸಮುದ್ರ, ಮರುಭೂಮಿ. ಪಲ್ಲವಿ ಮರಳಿ ಬರಲಿ, ಚರಣ ನಡೆಯುತ್ತಿರಲಿ.

ಹಂತ 6: ಟ್ಯೂನ್

ಮೊದಲು ಸಾಲನ್ನು ಜೋರಾಗಿ ಮಾತಾಡಿ. ಹತ್ತು ಸಲ. ಯಾವ ಪದಕ್ಕೆ ದನಿ ತಾನಾಗಿ ಏರುತ್ತದೆ, ಎಲ್ಲಿ ಇಳಿಯುತ್ತದೆ ನೋಡಿ. ಟ್ಯೂನ್ ಅರ್ಧ ಅಲ್ಲೇ ಇದೆ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡುತ್ತಾ ಹೋಗಿ. ‘ನೆನಪಿರುತ್ತೆ’ ಅಂತ ಮಲಗಿದ ಟ್ಯೂನ್ ಬೆಳಗ್ಗೆ ಇರುವುದಿಲ್ಲ.

ಕನ್ನಡದಲ್ಲಿ ಹ್ರಸ್ವ-ದೀರ್ಘ ತಪ್ಪಿದರೆ ಅರ್ಥವೇ ತಪ್ಪುತ್ತದೆ. ‘ನನ್ನ ಬಲ ನೀನೇ’ ಅನ್ನುವ ಸಾಲಿನಲ್ಲಿ ‘ಬ’ ಮೇಲೆ ಎರಡು ಏಟು ನಿಲ್ಲಿಸಿ ನೋಡಿ. ಸಭೆ ಭಕ್ತಿಯಿಂದ ‘ನನ್ನ ಬಾಲ ನೀನೇ’ ಅಂತ ಹಾಡುತ್ತದೆ. ‘ಕೊಡು’ ಎಳೆದರೆ ‘ಕೋಡು’. ‘ಮನ’ ಎಳೆದರೆ ‘ಮಾನ’. ಇಂಗ್ಲಿಷ್ ಹಾಡಿನ ಟ್ಯೂನ್‌ಗೆ ಕನ್ನಡ ಪದ ಕೂರಿಸುವಾಗ ಈ ಅವಾಂತರ ಜಾಸ್ತಿ. ಅಲ್ಲಿ ಒಂದೇ ಅಕ್ಷರಕ್ಕೆ ಮುಗಿಯುವ ಪದ ನಮ್ಮಲ್ಲಿ ಮೂರು ನಾಲ್ಕು ಅಕ್ಷರ ಬೇಡುತ್ತದೆ.

ಉಸಿರಿನ ಜಾಗವನ್ನೂ ನೋಡಿ. ನಮ್ಮಲ್ಲಿ ‘ಇಲ್ಲ’, ‘ಅಲ್ಲ’ ಬರುವುದು ಕೊನೆಗೆ. ‘ನೀನು ನನ್ನ ಮರೆಯುವುದು...’ ಅಂತ ಉದ್ದಕ್ಕೆ ಎಳೆದು, ಉಸಿರು ತೆಗೆದು, ಆಮೇಲೆ ‘ಇಲ್ಲ’ ಅಂದರೆ ನಾಲ್ಕು ಸೆಕೆಂಡ್ ಸಭೆ ಉಲ್ಟಾ ಹೇಳುತ್ತಿರುತ್ತದೆ. ನನ್ನ ಪಲ್ಲವಿಗೂ ಇದೇ ಅಪಾಯ ಇದೆ. ಅದಕ್ಕೇ ‘ದೇವನೆ ಅಲ್ಲ’ವನ್ನು ಒಂದೇ ಉಸಿರಿನಲ್ಲಿ ಬರುವ ಹಾಗೆ ಕೂರಿಸಿದ್ದೇನೆ, ‘ದೇವನೆ’ ಮೇಲೆ ನಿಲ್ಲುವುದಿಲ್ಲ.

ಎತ್ತರದ ಸ್ವರದಲ್ಲಿ ಆ, ಏ, ಓ ಬರಲಿ. ಉ, ಇ ಬಂದರೆ ತರಬೇತಿ ಇಲ್ಲದ ಗಂಟಲು ಬಿಗಿಯುತ್ತದೆ. ಕನ್ನಡದ ಎಷ್ಟೋ ಪದಗಳು ಉಕಾರಕ್ಕೆ ಮುಗಿಯುತ್ತವೆ, ಆದ್ದರಿಂದ ಸಾಲಿನ ಕೊನೆಗೆ ಕೆಳಗಿಳಿಯುವುದು ಕ್ಷೇಮ.

ಇಡೀ ಹಾಡು ಒಂದು ಸ್ಥಾಯಿಯೊಳಗೆ, ಅಂದರೆ ಒಂದು ‘ಸ’ದಿಂದ ಮೇಲಿನ ‘ಸ’ದವರೆಗೆ ಇರಲಿ. ಹೆಚ್ಚೆಂದರೆ ಅದರ ಮೇಲೆ ಒಂದೆರಡು ಸ್ವರ. ನಿಮಗೆ ಹಾಡಲು ಬರುವುದು ಬೇರೆ, ಗಂಡಸರು ಹೆಂಗಸರು ಮಕ್ಕಳು ಒಟ್ಟಿಗೆ ಹಾಡುವುದು ಬೇರೆ. ಗಿಟಾರ್, ಕೀಬೋರ್ಡ್ ಕೆಳಗಿಟ್ಟು ಬರೀ ಚಪ್ಪಾಳೆಯಲ್ಲಿ ಒಮ್ಮೆ ಹಾಡಿ. ಆಗಲೂ ನಿಂತರೆ ಟ್ಯೂನ್ ಗಟ್ಟಿ. ಸಿನಿಮಾ ಟ್ಯೂನ್ ಎತ್ತಿಕೊಳ್ಳಬೇಡಿ. ಅದು ಬೇರೆಯವರ ಸ್ವತ್ತು. ಜೊತೆಗೆ, ಕಣ್ಣು ಮುಚ್ಚಿ ಹಾಡುವವರಿಗೆ ನಾಯಕ ನಾಯಕಿಯೇ ಕಾಣುತ್ತಾರೆ.

ಟ್ಯೂನ್ ಕೂಡಿಬರದಿದ್ದರೆ ಹಾಡನ್ನು ಎಸೆಯಬೇಡಿ. ನ್ಯೂಟನ್‌ನ ಹಾಡಿಗೆ ಇವತ್ತು ಎಲ್ಲರಿಗೂ ಗೊತ್ತಿರುವ ರಾಗ ಸೇರಿದ್ದು 1835ರಲ್ಲಿ. ಆಗ ಆತ ಸತ್ತು 28 ವರ್ಷ ಆಗಿತ್ತು. ಸಾಲುಗಳ ಅಳತೆ ಸರಿಯಾಗಿದ್ದರಿಂದ ಆ ರಾಗ ಬಂದು ಕೂತಿತು. ನಿಮ್ಮ ಸಾಲುಗಳ ಅಳತೆಯೂ ಸರಿಯಾಗಿದ್ದರೆ ಕೀಬೋರ್ಡ್ ನುಡಿಸುವ ಗೆಳೆಯನ ಕೈಗೆ ಕೊಡಿ.

ಹಂತ 7: ಸಭೆಯ ಮುಂದೆ ಇಡುವುದು

ಮೊದಲು ಪಾಸ್ಟರ್‌ಗೋ ಫಾದರ್‌ಗೋ, ಬೈಬಲ್ ಚೆನ್ನಾಗಿ ತಿಳಿದ ಹಿರಿಯರಿಗೋ ಬರೀ ಸಾಹಿತ್ಯ ತೋರಿಸಿ, ರಾಗ ಕೇಳಿಸಬೇಡಿ. ಒಳ್ಳೆಯ ರಾಗ ತಪ್ಪು ಬೋಧನೆಯನ್ನು ಮುಚ್ಚಿಹಾಕುತ್ತದೆ. ನನ್ನ ಒಂದು ಸಾಲಿನಲ್ಲಿ, ನಂಬಿದವನಿಗೆ ಕಣ್ಣೀರೇ ಇಲ್ಲ ಅನ್ನುವ ಅರ್ಥ ಬರುತ್ತಿತ್ತು. ಹಿರಿಯರೊಬ್ಬರು ‘ಲಾಜರನ ಸಮಾಧಿ ಹತ್ತಿರ ಯೇಸುವೇ ಅತ್ತನಲ್ಲಪ್ಪಾ’ ಅಂದರು. ಸಾಲು ಹೋಯಿತು.

ಆಮೇಲೆ ಐದಾರು ಜನರ ಮನೆ ಪ್ರಾರ್ಥನೆಯಲ್ಲಿ ಎರಡು ಸಲ ಹಾಡಿ. ಹಾಳೆ ಕೊಡಬೇಡಿ. ಮೂರನೆಯ ಸಲ ನೀವು ಸುಮ್ಮನಿದ್ದು ಅವರು ಹಾಡಲಿ. ಎಲ್ಲಿ ಗೊಣಗುತ್ತಾರೋ ಆ ಜಾಗ ಗುರುತು ಮಾಡಿ. ‘ಹೇಗಿದೆ’ ಅಂತ ಕೇಳಿದರೆ ಎಲ್ಲರೂ ‘ಚೆನ್ನಾಗಿದೆ ಬ್ರದರ್’ ಅನ್ನುತ್ತಾರೆ. ಗೊಣಗಾಟ ಮಾತ್ರ ಸುಳ್ಳು ಹೇಳುವುದಿಲ್ಲ.

ಸಾಹಿತ್ಯ, ರೆಕಾರ್ಡಿಂಗ್ ಎರಡನ್ನೂ ದಿನಾಂಕ ಹಾಕಿ ಎತ್ತಿಡಿ. ಕೃತಿಸ್ವಾಮ್ಯದ (ಕಾಪಿರೈಟ್) ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲಿ ನೋಂದಣಿ ಮಾಡಿಸದಿದ್ದರೂ ಬರೆದವರಿಗೆ ಹಕ್ಕು ಇರುತ್ತದೆ. ಆದರೂ ಯಾವಾಗ ಬರೆದದ್ದು ಅನ್ನುವುದಕ್ಕೆ ಆಧಾರ ಇದ್ದರೆ ಒಳ್ಳೆಯದು. ಟ್ಯೂನ್ ಬೇರೆಯವರದಾದರೆ ಅವರ ಹೆಸರನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಸಭೆಯಲ್ಲಿ ಹೊಸ ಹಾಡನ್ನು ಒಂದೇ ವಾರ ಹಾಡಿಸಿ ಬಿಟ್ಟರೆ ಅದು ಯಾರಿಗೂ ಸೇರುವುದಿಲ್ಲ. ಮೂರು ನಾಲ್ಕು ವಾರ ಬಿಡದೆ ಹಾಡಿಸಿ. ನನ್ನ ಹಾಡಿಗೆ ನಾಲ್ಕನೆಯ ವಾರ ಒಂದು ವಿಚಿತ್ರ ಆಯಿತು. ‘ಬಳಿಗೇ ಬಂದೆ’ ಅನ್ನುವಲ್ಲಿ ನಾನು ಕೆಳಗಿಳಿಯುತ್ತಿದ್ದೆ, ಸಭೆ ಮೇಲೆ ಹೋಯಿತು. ಎರಡು ವಾರ ತಿದ್ದಲು ನೋಡಿದೆ. ಮುಂದಿನ ಸಾಲಿನಲ್ಲಿ ಕೂರುವ ಅದೇ ಅಜ್ಜಿ ನನಗಿಂತ ಜೋರಾಗಿ ಮೇಲೆ ಹೋದರು. ಈಗ ನಾನೂ ಹಾಗೇ ಹಾಡುತ್ತೇನೆ.